ದತ್ತಪ್ಪ ಕಾಕಾನ ಬರಲಿ, ಹೋಗಲಿ

ದತ್ತಪ್ಪ ಕಾಕಾ ಮೈಕ್ ಹಿಡಿದ ಮದುವೆಯಲ್ಲಿ ಯಾರೂ ಸುಮ್ಮನೆ ಹಂದರದೊಳಗೆ ಬರುತ್ತಿರಲಿಲ್ಲ. ಬಾಗಿಲ ಬಳಿ ಒಂದು ಗಳಿಗೆ ನಿಲ್ಲುತ್ತಿದ್ದರು. ಗಂಡಸರಿಗೆ ಚಪ್ಪಲಿ ಬಿಡುವ ನೆಪ, ಹೆಂಗಸರಿಗೆ ಸೆರಗು ಸರಿಮಾಡಿಕೊಳ್ಳುವ ನೆಪ. ನಿಜವಾಗಿ ಕಾಯುತ್ತಿದ್ದುದು ಕಾಕಾನ ದನಿಗೆ.

“ಬಂದ್ರು ನೋಡ್ರೀ, ಮಹಾಗಾಂವದ ಜಗದೇವಪ್ಪ ಸಾವುಕಾರ್ರು! ಹೋದ ಮದುವ್ಯಾಗ ಮೂರು ಸಲ ಹುಗ್ಗಿ ಹಾಕಿಸ್ಕೊಂಡು, ಇನ್ನಾ ಊಟಾನೇ ಮಾಡಿಲ್ಲ ಅಂದೋರು! ದಾರಿ ಬಿಡ್ರಿ, ದಾರಿ ಬಿಡ್ರಿ!”

ನಗೆಯ ನಡುವೆ ಸಾವುಕಾರರು ಎದೆ ಸೆಟೆಸಿಕೊಂಡು ಒಳಗೆ ಬರುತ್ತಿದ್ದರು. ಹಾಗೆ ಕರೆಸಿಕೊಳ್ಳದೆ ಬಂದು ಕೂತವರು, ‘ನಮ್ಮನ್ನ ಯಾರೂ ಕೇಳಲೇ ಇಲ್ಲ’ ಎಂದು ಮುಂದಿನ ಮದುವೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದರು. ಉರ್ದು ಮನೆಮಾತಿನವರು ಬಂದರೆ ಕಾಕಾ ಉರ್ದುವಿನಲ್ಲೇ ಕರೆಯುತ್ತಿದ್ದ, ಉರ್ದುವಿನಲ್ಲೇ ಕಾಲೆಳೆಯುತ್ತಿದ್ದ. ಅದು ಅವನ ಹೆಮ್ಮೆ.

ಹೋದ ಬೇಸಿಗೆಯಲ್ಲಿ ಕಾಕಾನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಆಸ್ಪತ್ರೆಯಿಂದ ಬಂದವನೇ ಮೊಮ್ಮಗಳ ಪಾಟಿ, ಬಳಪ ಕಸಿದುಕೊಂಡು ಅದರಲ್ಲಿ ಬರೆದು ಮಾತಾಡತೊಡಗಿದ. ಪಾಟಿ ಚಿಕ್ಕದು, ಕಾಕಾನ ಮಾತು ದೊಡ್ಡದು. ಒಂದು ಬೈಗುಳ ಪೂರ್ತಿಯಾಗಲು ಎರಡು ಸಲ ಒರೆಸಬೇಕಾಗುತ್ತಿತ್ತು.

ಗಾಜಿಪುರದಲ್ಲಿ ಕಾಕಾನ ಎದುರು ಮನೆ ನಮ್ಮದು. ನನ್ನ ಹೆಸರು ಅಂಜನಾ. ಜಗತ್ ಸರ್ಕಲ್ ಹತ್ತಿರ ಶಫಿ ಭಾಯಿಯ ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ; ಲಗ್ನಪತ್ರಿಕೆ, ಬ್ಯಾನರು, ಅರ್ಜಿ, ಯಾವುದು ಬಂದರೂ ಟೈಪ್ ಮಾಡುತ್ತೇನೆ. ಕಂಪ್ಯೂಟರ್ ಕಲಿತದ್ದು ಸೇಡಂ ರಸ್ತೆಯ ಒಂದು ಸಂಜೆ ಕ್ಲಾಸಿನಲ್ಲಿ, ಕೆಲಸ ಮುಗಿಸಿ ಹೋಗಿ. ಹಗಲು ಹೊತ್ತಿನಲ್ಲಿ ಕಲಿತವರಿಗೆ ಇನ್ನೂ ಏನೋ ಹೆಚ್ಚಿಗೆ ಹೇಳಿಕೊಟ್ಟಿರುತ್ತಾರೆ ಎಂಬ ಅನುಮಾನ ನನಗೆ ಈಗಲೂ ಇದೆ.

ಮಾಯಾಳ ಲಗ್ನಪತ್ರಿಕೆ ಮಾಡಿಸಲು ಅವಳ ಅವ್ವ ಸಾವಿತ್ರಿಬಾಯಿ ಕಮಲಾಪುರದಿಂದ ಅಂಗಡಿಗೆ ಬಂದಿದ್ದರು. ಸಾವಿತ್ರಿಬಾಯಿ ಕಾಕಾನ ತಂಗಿ. ಜೊತೆಗೆ ಕಾಕಾನೂ ಬಂದಿದ್ದ. ಪತ್ರಿಕೆಯ ಅಕ್ಷರ, ಬಣ್ಣ ಎಲ್ಲ ಮುಗಿದ ಮೇಲೆ ಸಾವಿತ್ರಿಬಾಯಿ ಮೆಲ್ಲಗೆ ಅಂದರು:

“ಅಣ್ಣಾ, ಸಿಟ್ಟಿಗೇಳಬ್ಯಾಡ. ಮೈಕ್ ಕುನಾಲಗ ಹೇಳೀನಿ.”

ಕುನಾಲ ಸಾವಿತ್ರಿಬಾಯಿಯ ಮೈದುನನ ಮಗ. ಅವನದೇ ಡಿಜೆ ಸೆಟ್ ಇದೆ. ಕಾಕಾ ಪಾಟಿ ತೆಗೆದ. “ಮತ್ತ ನಾ ಎಲ್ಲಿ ಕೂಡಲಿ?”

“ಮುಂದಿನ ಸಾಲಿನ್ಯಾಗ ನಿನಗೊಂದು ಸೋಫಾ ಹಾಕಸ್ತೀನಿ.”

ಬಳಪ ಕಿರ್ರೆಂದಿತು. “ಸೋಫಾದಾಗ ಕೂಡಾಕ ನಾ ಏನು ಮದುಮಗನಾ? ಅಡಗಿ ಹಂದರದಾಗ ಬೋಗೋಣಿ ಕಾಯ್ತೀನಿ. ಮಂದಿ ಬರೂ ಬಾಗಲಾ ನಾ ನೋಡಾಂಗಿಲ್ಲ.”

ತಮಾಷೆಯ ಮಾತಲ್ಲ ಅದು. ನೋಡಿದರೆ ಗೊತ್ತಾಗುತ್ತಿತ್ತು. ಸಾವಿತ್ರಿಬಾಯಿ ಸೆರಗಿನ ತುದಿ ತಿರುವುತ್ತ ಕೂತರು. ಶಫಿ ಭಾಯಿ ಕೂಡ, ಗಿರಾಕಿ ಮಾತಾಡುತ್ತಿರುವಾಗಲೇ ಫ್ಯಾನ್ ಆರಿಸುವ ಮನುಷ್ಯ, ಅವತ್ತು ಸ್ವಿಚ್ಚಿಗೆ ಕೈ ಹಾಕಲಿಲ್ಲ.

ಕಾಕಾನ ಕಣ್ಣು ನನ್ನ ಪರದೆಯ ಮೇಲೆ ಬಿತ್ತು. ಮಾಯಾಳ ಹೆಸರನ್ನು ನಾನು ದೊಡ್ಡದು ಮಾಡಿ ನೋಡುತ್ತಿದ್ದೆ. ಪರದೆ ತುಂಬ ಎರಡೇ ಅಕ್ಷರ. ಕಾಕಾ ಎದ್ದು ಬಂದು ಪರದೆಯನ್ನೂ ಅಂಗಡಿಯ ಗೋಡೆಯನ್ನೂ ತೋರಿಸಿ, ಎರಡೂ ಕೈ ಅಗಲಿಸಿದ. ಇದು ಇಷ್ಟು ದೊಡ್ಡದಾಗಿ ಗೋಡೆಯ ಮೇಲೆ ಬರುತ್ತದೇನು?

“ಬರ್ತದ ಕಾಕಾ. ಪ್ರೊಜೆಕ್ಟರ್ ಇದ್ರ ಬರ್ತದ.”

ಕಾಕಾ ಪಾಟಿಯನ್ನು ಒರೆಸಿ ಬರೆದ: “ಹಂಗಾದ್ರ ನಾ ಬರದು ಕರೀತೀನಿ. ಎಲ್ಲಾರ್ನೂ ಅವರವರ ಅಕ್ಷರದಾಗ. ಆಗ್ತದೇನು?”

“ಆಗ್ತದ” ಅಂದುಬಿಟ್ಟೆ. ಹೇಗೆ ಎಂದು ಯೋಚಿಸಿದ್ದು ಆಮೇಲೆ.

ಸಾವಿತ್ರಿಬಾಯಿ ಲೆಕ್ಕದ ಹೆಂಗಸು. “ಅರಿಶಿಣದ ದಿನ ಊಟ ಆದಮ್ಯಾಲೆ ನನಗ ನಡಸಿ ತೋರಸ್ರಿ. ನಡೀತಂದ್ರ ಬಾಗಲದ ಕೆಲಸ ಅಣ್ಣಂದೇ. ನಡೀಲಿಲ್ಲಂದ್ರ ಕುನಾಲ. ಆಮ್ಯಾಲೆ ಮುನಿಸ್ಕೊಂಡು ಬೋಗೋಣಿ ಕಾಯೂ ಹಂಗಿಲ್ಲ, ಹೇಳೀನಿ ನೋಡು.”

ಕಾಕಾ ತಲೆಯಾಡಿಸಿದ. ಯಾವುದಕ್ಕೆ ಒಪ್ಪಿದ, ಯಾವುದಕ್ಕೆ ಇಲ್ಲ, ತಿಳಿಯಲಿಲ್ಲ.

ಶಫಿ ಭಾಯಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟರು. “ಲೇ ಬೇಟಿ, ಇದರಾಗ ಏನು ಹಾಕ್ತಿ ಹಾಕು. ಬೆಂಕಿ ಒಂದು ಹಚ್ಚಬ್ಯಾಡ.” ಹೊಸ ಸಾಫ್ಟ್‌ವೇರ್ ಹಾಕಿದರೆ ಅದು ಎದ್ದು ನಿಲ್ಲುವಷ್ಟರಲ್ಲಿ ಬೀಗರೆಲ್ಲ ಊಟ ಮಾಡಿ ಹೋಗಿರುತ್ತಿದ್ದರು. ಹಾಗಾಗಿ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿದೆ. ಅದರ ಮೇಲೊಂದು ಪುಟ್ಟ ವಿಂಡೋ ಮ್ಯಾನೇಜರ್. ಪರದೆಯ ಮೇಲೆ ಯಾವ ಕಿಟಕಿ ಎಲ್ಲಿ ಕೂರಬೇಕು, ಯಾವುದು ಮುಂದೆ ಬರಬೇಕು ಎಂದು ನೋಡಿಕೊಳ್ಳುವುದೇ ಅದರ ಕೆಲಸ. ಮೌಸ್ ಬೇಕಿಲ್ಲ, ಎಲ್ಲವೂ ಕೀಲಿಮಣೆಯಿಂದಲೇ. ಅದು ಕಾಕಾನಿಗೆ ಹಿಡಿಸಿತು. ತಹಶೀಲ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತನಾದವನು. ಹತ್ತೂ ಬೆರಳು ಓಡುತ್ತವೆ. ಮೌಸ್ ಮುಟ್ಟಿಸಿದರೆ ಮಾತ್ರ “ಇಲಿ ಬಾಲಾ ಹಿಡದಂಗಾಗ್ತದ” ಎಂದು ಬರೆಯುತ್ತಿದ್ದ.

ಕಾಕಾ ಬರೆಯುವುದು ಲ್ಯಾಪ್‌ಟಾಪಿನ ಪರದೆಯಲ್ಲಿ. ಬರೆದು ಮುಗಿಸಿ ಶಾರ್ಟ್‌ಕಟ್ ಒತ್ತಿದರೆ ಆ ಕಿಟಕಿ ದೊಡ್ಡ ಪರದೆಗೆ ಹಾರಬೇಕು. ಇನ್ನೊಂದು ಒತ್ತಿದರೆ ವಾಪಸ್ ಬರಬೇಕು. ಮತ್ತೊಂದಕ್ಕೆ ಮದುಮಕ್ಕಳ ಫೋಟೊ. ಎಲ್ಲಕ್ಕೂ ಕಿಟಕಿಯ ಗುರುತಿರುವ ವಿಂಡೋಸ್ ಕೀ ಹಿಡಿದುಕೊಂಡು ಒಂದು ಅಕ್ಷರ ಒತ್ತಬೇಕು. ಅಕ್ಷರಗಳನ್ನು ಕಾಕಾನೇ ಆರಿಸಿದ: ‘ಬರಲಿ’ಗೆ ಬಿ, ‘ಹೋಗಲಿ’ಗೆ ಎಚ್, ಫೋಟೊಗೆ ಎಫ್.

“ಫೋಟೊ ಇಂಗ್ಲೀಷಿನ್ಯಾಗ ಪಿ ಇಂದ ಶುರು ಆಗ್ತದ ಕಾಕಾ.”

“ಬಾಯಾಗ ಎಫ್ ಅಂತೇ ಬರ್ತದ. ಬಾಯಿ ಇಲ್ಲದಾವ ನಾನು, ನನಗ ಗೊತ್ತು.”

ಬಾಡಿಗೆಗೆ ಒಂದು ಪ್ರೊಜೆಕ್ಟರ್ ತಂದು ಅಂಗಡಿಯ ಗೋಡೆಗೆ ತಿರುಗಿಸಿ, ಇಂಗ್ಲಿಷಿನಲ್ಲಿ ಎರಡು ಹೆಸರು ಬರೆದು ನೋಡಿದೆವು. ಬರಲಿ ಅಂದರೆ ಬಂತು, ಹೋಗಲಿ ಅಂದರೆ ಹೋಯಿತು. ಆಮೇಲೆ ಕಾಕಾ ಕನ್ನಡಕ್ಕೆ ಬದಲಿಸಿ, ಜಗದೇವಪ್ಪ ಸಾವುಕಾರರ ಮೇಲೆ ಒಂದು ಸಾಲು ಬರೆದು, ನಗುತ್ತ ವಿಂಡೋಸ್ ಕೀ ಹಿಡಿದು ಬಿ ಒತ್ತಿದ.

ಏನೂ ಆಗಲಿಲ್ಲ.

ಮತ್ತೆ ಒತ್ತಿದ. ಜೋರಾಗಿ ಒತ್ತಿದ. ಟೇಬಲ್ಲು ಅಲುಗಾಡಿತು, ಕಿಟಕಿ ಅಲುಗಾಡಲಿಲ್ಲ. ಕಾಕಾನ ಮುಖದ ನಗೆ ಹಾಗೇ ಇಳಿದುಹೋಯಿತು. ಗಂಟಲು ಮುಟ್ಟಿಕೊಂಡು, ಕೀಲಿಮಣೆ ತೋರಿಸಿ, ಕೈಯಾಡಿಸಿದ. ಇದಕ್ಕೂ ದನಿ ಇಲ್ಲ ಎಂದು.

ಮೊದಲು ವೈರ್ ನೋಡಿದೆ. ಆಮೇಲೆ ನಾನು ಬರೆದದ್ದನ್ನು ನೋಡಿದೆ. ಕಾರಣ ಸಿಕ್ಕಾಗ ನಾಚಿಕೆಯಾಯಿತು. ನನ್ನ ಸೆಟ್ಟಿಂಗಿನಲ್ಲಿ ‘ಬಿ ಅಕ್ಷರ ಬಂದರೆ ಕಿಟಕಿಯನ್ನು ದೊಡ್ಡ ಪರದೆಗೆ ಕಳಿಸು’ ಎಂದಿತ್ತು. ಕನ್ನಡ ಚಾಲೂ ಇದ್ದಾಗ ಅದೇ ಕೀ ಒತ್ತಿದರೆ ಬಿ ಬರುವುದಿಲ್ಲ, ‘ವ’ ಬರುತ್ತದೆ. ಮ್ಯಾನೇಜರ್ ಬಿಗಾಗಿ ಕಾಯುತ್ತ ಕೂತಿತ್ತು. ‘ವ’ ಯಾರೋ ಅದಕ್ಕೆ ಗೊತ್ತೇ ಇರಲಿಲ್ಲ.

“ಕಾಕಾ, ಶಾರ್ಟ್‌ಕಟ್ ಒತ್ತೂಕಿಂತ ಮೊದ್ಲು ಇಂಗ್ಲೀಷಿಗೆ ಬದಲಿ ಮಾಡ್ಕೋ. ಒತ್ತಿದ ಮ್ಯಾಲೆ ಕನ್ನಡಕ್ಕ ಬಾ.”

ಕಾಕಾ ನಾಲ್ಕು ಹೆಸರು ಬರೆದ. ನಾಲ್ಕು ಸಲವೂ ಮರೆತ. ಪಾಟಿ ಎಳೆದುಕೊಂಡ. “ಸ್ವಂತ ಮಾತು ಮುಗಿಸಿ ಪ್ರತಿ ಸಲ ಇಂಗ್ಲೀಷಿನ ಮನಿಗೆ ಹೋಗಿ ಕೈಮುಗದು ಬರಬೇಕೇನು? ಅಷ್ಟರಾಗ ಬೀಗರು ಸಿಟ್ಟಾಗಿ ಬಸ್ ಹತ್ತಿರ್ತಾರ.”

ಶಫಿ ಭಾಯಿ ಹಿಂದಿನಿಂದ ಅಂದರು, “ಸಹಿ ಬಾತ್ ಹೈ. ಉರ್ದು ಬರಿಯಾಕತ್ತಾಗ ಇಂಗ್ಲೀಷ್ ಕೈಕು? ನಕ್ಕೋ, ಬ್ಯಾಡೇ ಬ್ಯಾಡ.”

ಹಾಗಾದರೆ ಪ್ರತಿ ಅಕ್ಷರಕ್ಕೂ ಒಂದೊಂದು ಸಾಲು ಬರೆದರಾಯಿತು ಎಂದುಕೊಂಡೆ. ಬಿ ಬಂದರೂ ಕಳಿಸು, ‘ವ’ ಬಂದರೂ ಕಳಿಸು, ಅದೇ ಕೀಯಲ್ಲಿ ಬರುವ ಉರ್ದು ಅಕ್ಷರ ಬಂದರೂ ಕಳಿಸು. ಎಚ್ ಮತ್ತು ಎಫ್‌ಗೂ ಹಾಗೆಯೇ. ಉರ್ದು ಅಕ್ಷರಗಳನ್ನು ಶಫಿ ಭಾಯಿ ಪಕ್ಕದಲ್ಲಿ ಕೂತು ಹೇಳಿದರು. ಬರೆದು ನೋಡಿದರೆ ಎಲ್ಲವೂ ನಡೆಯಿತು! ಕಾಕಾ ಕನ್ನಡದಲ್ಲಿ ಬೈದ, ಉರ್ದುವಿನಲ್ಲಿ ಬೈದ. ಎರಡೂ ಗೋಡೆಯ ಮೇಲೆ ಬಂದವು. ಅಂಗಡಿಗೆ ಜೆರಾಕ್ಸ್ ಮಾಡಿಸಲು ಬಂದವರು ಗೋಡೆ ನೋಡಿ ನಕ್ಕರು. ಕಾಕಾ ಅವರನ್ನೂ ಬಿಡಲಿಲ್ಲ.

ಅರಿಶಿಣದ ದಿನ ಬೆಳಿಗ್ಗೆ ಲ್ಯಾಪ್‌ಟಾಪು, ಬಾಡಿಗೆಯ ಪ್ರೊಜೆಕ್ಟರು, ಒಂದು ಬಿಳಿ ಬೆಡ್‌ಶೀಟು ಹೊತ್ತುಕೊಂಡು ಕಾಕಾ, ನಾನು, ಶಫಿ ಭಾಯಿ ಕಮಲಾಪುರದ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಪ್ರೊಜೆಕ್ಟರ್ ನನ್ನ ತೊಡೆಯ ಮೇಲೆಯೇ ಇತ್ತು. ಸಾವಿತ್ರಿಬಾಯಿಯ ಮನೆ ಮುಂದೆ ಹಂದರ ಎದ್ದು ನಿಂತಿತ್ತು. ಬಾಗಿಲಿಗೆ ಕೆಂಪು ಬಾಳೆಗೊನೆ ಕಟ್ಟಿದ್ದರು. ಮಕ್ಕಳ ಕೈಗೆಟುಕುವ ಕೆಳಗಿನ ಚಿಪ್ಪು ಆಗಲೇ ಖಾಲಿಯಾಗಿತ್ತು.

ಕುನಾಲ ಸ್ಪೀಕರ್ ಜೋಡಿಸುತ್ತಿದ್ದವನು ನಮ್ಮನ್ನು ನೋಡಿ ಕೂಗಿದ. “ಬರ್ರಿ ಮಾಮಾ, ಬರ್ರಿ! ಸಿನೆಮಾ ಟಾಕೀಸೇ ತಂದೀರಲ್ಲ. ನಿಮ್ಮ ಟಿವಿ ನಡೀಲಿಲ್ಲಂದ್ರ ಹೇಳ್ರಿ, ನನ್ನ ಹತ್ರ ಇಕೋ ಅದ.”

ಕಾಕಾ ಪಾಟಿಯಲ್ಲಿ ಬರೆದು ಎತ್ತಿ ತೋರಿಸಿದ: “ಇಕೋ ಅಂದ್ರ ಒಂದ ಸುಳ್ಳು ಮೂರು ಸಲ ಹೇಳೂದು.”

ಅಷ್ಟರಲ್ಲಿ ಸಾವಿತ್ರಿಬಾಯಿ ಒಳಗಿನಿಂದ ಬಂದು ಇನ್ನೊಂದು ಸುದ್ದಿ ಹೇಳಿದರು. ಮದುಮಗ ಪ್ರಬುದ್ಧನ ತಾಯಿಯ ಕಡೆಯವರು ತಾಂಡೂರಿನಿಂದ ಒಂದು ಜೀಪು ತುಂಬ ಬರುತ್ತಾರೆ. ಎಲ್ಲ ತೆಲುಗಿನವರು.

ಕಾಕಾನ ಕಣ್ಣು ಹೊಳೆದವು. “ತೆಲುಗು ಮಾತು ನನಗ ಬರ್ತದ, ಅಕ್ಷರ ನಮ್ಮ ಅಕ್ಷರದ ತಂಗಿ ಇದ್ದಂಗ. ಬರೀತೀನಿ. ಅಂಜನಾ, ಹಾಕು.”

ಹಾಕಿದೆ. ತೆಲುಗು ಚಾಲೂ ಆದ ಕೂಡಲೇ ಬರಲಿ, ಹೋಗಲಿ, ಫೋಟೊ ಮೂರೂ ಸತ್ತವು. ಆಗಬೇಕಾದದ್ದೇ, ತೆಲುಗಿನ ಅಕ್ಷರಗಳಿಗೆ ನಾನು ಸಾಲು ಬರೆದಿರಲಿಲ್ಲ. ಫೋನಿನಲ್ಲಿ ಹುಡುಕಿ ಮೂರು ಸಾಲು ಸೇರಿಸಿದೆ. ಅದರಲ್ಲಿ ಯಾವುದೋ ಒಂದು ಅಕ್ಷರದ ಹೆಸರು ತಪ್ಪಾಗಿ ಬಿತ್ತು. ಮ್ಯಾನೇಜರ್ ಸಿಟ್ಟಾಗಿ ಇಡೀ ಫೈಲನ್ನೇ ಓದುವುದಿಲ್ಲ ಎಂದಿತು. ಈಗ ತೆಲುಗು ಹಾಳಾಗಲಿ, ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಸಾವಿತ್ರಿಬಾಯಿಗೆ ತೋರಿಸುವುದು ಊಟವಾದ ಮೇಲೆ. ಊಟದ ಪಂಗತಿ ಆಗಲೇ ಕೂರುತ್ತಿತ್ತು.

“ಬಾ, ಮೊದ್ಲು ಎರಡು ರೊಟ್ಟಿ ತಿನ್ನು” ಎಂದು ಯಾರೋ ನನ್ನನ್ನು ಎಳೆದು ಕೂಡಿಸಿದರು. ಮುಂದೆ ಪತ್ರಾವಳಿ ಬಂತು. ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ. ನಾನು ರೊಟ್ಟಿ ಮುರಿದು ಮುರಿದು ಇಡುತ್ತಿದ್ದೆ. ತೆಲುಗು ಸರಿಮಾಡಿದರೂ ನಾಳೆ ಇನ್ನೇನು ಬರುತ್ತದೋ. ನಾನು ಬರೆಯುವ ಪ್ರತಿ ಸಾಲೂ ತಪ್ಪಾಗಲು ಇನ್ನೊಂದು ಅವಕಾಶ.

ಹುಗ್ಗಿ ಬಡಿಸುವ ಸರದಿ ಕುನಾಲನ ಗೆಳೆಯರದು. ಅವರು ಬಕೀಟು ಹಿಡಿದು ಗುರುತಿನವರ ಮುಖ ಕಂಡಲ್ಲಿ ನಿಲ್ಲುತ್ತಿದ್ದರು. ಗುರುತಿಲ್ಲದವರನ್ನು ದಾಟಿ ಹೋಗುತ್ತಿದ್ದರು. ಗಂಡಿನ ಕಡೆಯ ಇಬ್ಬರು ಮುದುಕರ ಪತ್ರಾವಳಿ ಖಾಲಿಯಿತ್ತು. ಸಾವಿತ್ರಿಬಾಯಿ ಎಲ್ಲಿಂದಲೋ ನೋಡಿ ಕೂಗಿಕೊಂಡರು:

“ಏ, ಮಾರಿ ಏನ್ ನೋಡ್ತೀರಲೇ? ಪತ್ರಾವಳಿ ನೋಡಿ ಬಡಸ್ರಿ! ಆ ಜಾಗಾದಾಗ ಯಾರರೆ ಕೂಡ್ಲಿ, ರಾಜಾ ಕೂಡ್ಲಿ, ರೊಕ್ಕ ಇಲ್ಲದಾವ ಕೂಡ್ಲಿ, ಜಾಗಾಕ್ಕ ಹುಗ್ಗಿ ಬೀಳಬೇಕು!”

ರೊಟ್ಟಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ನಾನು ಮ್ಯಾನೇಜರಿಗೆ ಕಲಿಸಿದ್ದು ಇದೇ ಅಲ್ಲವೇ, ಮುಖ ನೋಡು ಎಂದು. ಬಿ ಬಂತೇ, ‘ವ’ ಬಂತೇ ಎಂದು ಮುಖ ಹುಡುಕುತ್ತ ಅದು ಬಕೀಟು ಹಿಡಿದು ನಿಂತಿತ್ತು. ಕೀಲಿಮಣೆಯಲ್ಲಿ ಆ ಕೀ ಇರುವ ಜಾಗ ಒಂದೇ. ಅದರ ಮೇಲೆ ಕನ್ನಡ ಕೂಡಲಿ, ತೆಲುಗು ಕೂಡಲಿ, ಜಾಗ ಬದಲಾಗುವುದಿಲ್ಲ. ಪ್ರತಿ ಕೀಗೂ ಒಂದು ನಂಬರು ಇರುತ್ತದೆಂದು ಕ್ಲಾಸಿನಲ್ಲಿ ಹೇಳಿದ್ದರು. ಅಕ್ಷರದ ಬದಲು ನಂಬರು ಬರೆಯಬಹುದೆಂದು ಮ್ಯಾನೇಜರಿನ ಕೈಪಿಡಿಯಲ್ಲೂ ಇತ್ತು. ಓದಿದ್ದೆ. ನನಗಲ್ಲ, ದೊಡ್ಡವರಿಗೆ ಬರೆದದ್ದು ಎಂದು ಪುಟ ದಾಟಿದ್ದೆ.

ಹುಗ್ಗಿ ತಿನ್ನದೆ ಎದ್ದೆ. “ಏ ಅಂಜನಾ, ಪಂಗತಿ ನಡುವ ಏಳಬಾರದವ್ವಾ!” ಎಂದು ಸಾವಿತ್ರಿಬಾಯಿ ಕೂಗಿದರು. ತಪ್ಪು ನನ್ನದೇ. ಕೈತೊಳೆದು ಓಡಿದೆ.

ಒತ್ತಿದ ಕೀಯ ನಂಬರು ತೋರಿಸುವ ಒಂದು ಪ್ರೋಗ್ರಾಮು ಆ ಲ್ಯಾಪ್‌ಟಾಪಿನಲ್ಲೇ ಇತ್ತು. ಮೂರು ಕೀ ಒತ್ತಿ ಮೂರು ನಂಬರು ಬರೆದುಕೊಂಡೆ, ಎಫ್‌ನದು ಮೂವತ್ತಮೂರು. ಹಳೆಯ ಸಾಲುಗಳನ್ನೆಲ್ಲ ಅಳಿಸಿ ಮೂರೇ ಸಾಲು ಬರೆದೆ. ಕಾಕಾ ಪಕ್ಕದಲ್ಲಿ ಬಂದು ಕೂತ. ಕನ್ನಡ ಚಾಲೂ ಮಾಡಿ ಬಿ ಇರುವ ಜಾಗ ಒತ್ತಿದೆ. ಇಲ್ಲ. ಎಚ್ ಒತ್ತಿದೆ. ಇಲ್ಲ. ಎಫ್. ಅದೂ ಇಲ್ಲ.

ಸಾವಿತ್ರಿಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹಂದರದ ಕಡೆ ಬರುತ್ತಿದ್ದರು. ಹಿಂದೆ ಕುನಾಲ, ಮೈಕು ಹೆಗಲ ಮೇಲೆ.

“ನನ್ನಿಂದ ಆಗಲಿಲ್ಲ ಕಾಕಾ” ಅಂದೆ. ಅಳು ಬರುವಂತಾಗಿತ್ತು.

ಕಾಕಾ ನನ್ನನ್ನು ನೋಡಿದ. ಪಾಟಿಯಲ್ಲಿ ನಿಧಾನವಾಗಿ ಬರೆದ: “ನೀನೇ ಅಂದಿದ್ದಿ, ಫೋಟೊ ಪಿ ಇಂದ ಶುರು ಅಂತ. ಮಷೀನು ನಮ್ಮಿಬ್ಬರಕಿಂತ ಹೆಚ್ಚು ಕಲ್ತದೋ ಏನೋ.” ಬರೆದು, ನನ್ನನ್ನು ನಗಿಸಲೆಂದೇ, ವಿಂಡೋಸ್ ಕೀ ಹಿಡಿದು ಪಿ ಒತ್ತಿದ.

ಬೆಡ್‌ಶೀಟಿನ ತುಂಬ ಮಾಯಾ ಮತ್ತು ಪ್ರಬುದ್ಧ ಬಂದು ನಿಂತರು.

ಇಬ್ಬರೂ ಕುರ್ಚಿಯಿಂದ ಅರ್ಧ ಎದ್ದೆವು. ಕಾಕಾನಿಗೆ ಅದು ಪವಾಡ. ನನಗೆ ಭಯ. ನಾನು ಪಿ ಎಂದು ಎಲ್ಲೂ ಬರೆದೇ ಇಲ್ಲ. ನಂಬರಿನ ಪ್ರೋಗ್ರಾಮಿನಲ್ಲಿ ಪಿ ಒತ್ತಿ ನೋಡಿದೆ: ಇಪ್ಪತ್ತೈದು. ಆದರೆ ಮ್ಯಾನೇಜರು ಅದನ್ನು ಮೂವತ್ತಮೂರು ಎಂದುಕೊಂಡಿದೆ. ಎಂಟು ಹೆಚ್ಚು.

ಆಗ ತಲೆಗೆ ಹೊಳೆಯಿತು. ಗಾಜಿಪುರದ ನಮ್ಮ ಮನೆಗೆ ಎರಡು ನಂಬರಿವೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಳೆಯದು, ತಗಡಿನ ಪಟ್ಟಿಯಲ್ಲಿ ಹೊಸದು. ಹಳೆಯದನ್ನು ಕೊಟ್ಟರೆ ಕೊರಿಯರ್‌ನವನು ಬೇರೆ ಯಾರದೋ ಬಾಗಿಲು ಬಡಿಯುತ್ತಾನೆ. ಇಲ್ಲಿಯೂ ಹಾಗೆಯೇ. ಯಂತ್ರದ ಒಳಗಿನವರು ಕೀಗಳನ್ನು ಎಣಿಸುವ ಲೆಕ್ಕ ಬೇರೆ, ಪರದೆ ನೋಡಿಕೊಳ್ಳುವವರ ಲೆಕ್ಕ ಬೇರೆ, ನಡುವೆ ಎಂಟು ಮನೆ ಅಂತರ. ನಾನು ಒಬ್ಬರ ನಂಬರನ್ನು ಇನ್ನೊಬ್ಬರಿಗೆ ಕೊಟ್ಟಿದ್ದೆ. ಮೂರು ನಂಬರಿಗೂ ಎಂಟು ಕೂಡಿಸಿದೆ. ಕೂಡಿಸಿದ್ದು ಸರಿಯಿದೆಯೇ ಎಂದು ಬೆರಳಿನಲ್ಲಿ ಮತ್ತೊಮ್ಮೆ ಎಣಿಸಿದೆ.

“ಏನಾತು? ತೋರಸ್ತೀರೋ ಇಲ್ಲೋ?” ಸಾವಿತ್ರಿಬಾಯಿ ಎದುರಿಗೆ ಬಂದು ನಿಂತರು.

ಕಾಕಾ ಕನ್ನಡದಲ್ಲಿ ಒಂದು ಸಾಲು ಬರೆದು ಬಿ ಒತ್ತಿದ. ಬೆಡ್‌ಶೀಟಿನ ಮೇಲೆ ಮೊಣಕೈ ಉದ್ದದ ಅಕ್ಷರಗಳು: “ಬಂದ್ಲು ನೋಡ್ರಿ ನನ್ನ ತಂಗಿ. ಸಣ್ಣಾಕಿ ಇದ್ದಾಗ ನನ್ನ ಪಾಲಿನ ಬೆಲ್ಲಾ ಕದ್ದು, ತಪ್ಪು ಇರುವಿ ಮ್ಯಾಲೆ ಹಾಕಿದಾಕಿ.”

ಎಚ್ ಒತ್ತಿದ, ಹೋಯಿತು. ಉರ್ದುವಿಗೆ ಬದಲಿಸಿದ, ಬಂತು, ಹೋಯಿತು. ತೆಲುಗಿಗೆ ಬದಲಿಸಿದ. ಆಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. “ಬಂತವ್ವಾ, ಕಣ್ ತಗಿ” ಎಂದು ಶಫಿ ಭಾಯಿ ತಲೆಗೆ ಮೊಟಕಿದರು.

ಸಾವಿತ್ರಿಬಾಯಿ ಪರದೆಯ ಹತ್ತಿರ ಹೋಗಿ ಬೆಡ್‌ಶೀಟಿನ ತುದಿ ಎಳೆದು ಸರಿಮಾಡಿದರು. ಆಮೇಲೆ, “ಬೆಲ್ಲ ಇರುವೀನೇ ತಿಂದಿದ್ವು” ಅಂದು, ಕಣ್ಣೊರೆಸಿಕೊಂಡು ಒಳಗೆ ಹೋದರು. ಕುನಾಲ ಮೈಕು ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಬಿಳಿ ಜುಬ್ಬ ತೊಟ್ಟು ಕಾಕಾ ಬಾಗಿಲಿಗೆದುರಾಗಿ ಟೇಬಲ್ ಹಾಕಿಸಿಕೊಂಡ. ಬೌದ್ಧ ಪದ್ಧತಿಯ ಮದುವೆ. ಪಂಚಶೀಲದ ಪಠಣ ಶುರುವಾಗುವುದಕ್ಕೆ ಮೊದಲು ಮಂದಿಯೆಲ್ಲ ಒಳಗೆ ಬರಬೇಕು. ನಾನು ಅವನ ಹಿಂದೆ ವೈರುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದೆ, ಯಾವುದು ಕಿತ್ತು ಬಂದರೂ ಹಿಡಿಯುವಂತೆ.

ಮೊದಲಿಗೆ ಶಫಿ ಭಾಯಿ ಬೇಕೆಂದೇ ಹೊರಗೆ ಹೋಗಿ ಮತ್ತೆ ಬಾಗಿಲಲ್ಲಿ ಬಂದು ನಿಂತರು. ಕಾಕಾ ಉರ್ದುವಿನಲ್ಲಿ ಟಪಟಪ ಬರೆದು ‘ಬರಲಿ’ ಒತ್ತಿದ. ಶಫಿ ಭಾಯಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕಂಡು ಉಳಿದವರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಲ್ಲುವುದು ಶುರುವಾಯಿತು. ಚಪ್ಪಲಿಯ ನೆಪ, ಸೆರಗಿನ ನೆಪ. ಎಲ್ಲರ ಕಣ್ಣೂ ಬೆಡ್‌ಶೀಟಿನ ಮೇಲೆ.

ಜಗದೇವಪ್ಪ ಸಾವುಕಾರರು ತಾಯಿ ವಿಮಲಾಬಾಯಿಯನ್ನು ಕೈಹಿಡಿದು ಕರೆದುಕೊಂಡು ಬಂದರು. ಕಾಕಾ ಬರೆದ: “ವಿಮಲಾಬಾಯಿ ಆಯಿ ಬಂದ್ರು. ಇವರ ಶೇಂಗಾ ಹೋಳಿಗಿ ತಿಂದು ನಾ ಇಷ್ಟ ಎತ್ತರ ಆಗೀನಿ. ಮಗಾ ಮಾತ್ರ ಅಡ್ಡ ಬೆಳದಾನ.” ಹಂದರ ಗೊಳ್ಳೆಂದಿತು. ಸಾವುಕಾರರೂ ನಕ್ಕು ಒಳಗೆ ಹೆಜ್ಜೆಯಿಟ್ಟರು. ಆಯಿ ಮಾತ್ರ ಬಾಗಿಲಲ್ಲೇ ನಿಂತಿದ್ದರು.

“ನಡೀ ಯವ್ವಾ.”

“ಯಾಕ್ ನಗಾಕತ್ತಾರ? ದತ್ತ್ಯಾ ನನ್ನ ಇನ್ನಾ ಕರದೇ ಇಲ್ಲಲ್ಲ.”

ಆಯಿಗೆ ಓದಲು ಬರುವುದಿಲ್ಲ. ಅದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಕಾಕಾನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ಇದಕ್ಕೆ ನನ್ನ ಬಳಿ ಯಾವ ನಂಬರೂ ಇರಲಿಲ್ಲ.

ಟಕ್ ಎಂದು ಮೈಕಿನ ಸದ್ದಾಯಿತು. ಕುನಾಲ ಸ್ಪೀಕರಿನ ಪಕ್ಕದಿಂದ ಎದ್ದು ನಿಂತು, ಪರದೆ ನೋಡಿಕೊಂಡು, ಇಕೋ ಇಲ್ಲದೆ, ಥೇಟ್ ಕಾಕಾನ ಧಾಟಿಯಲ್ಲಿ ಓದಿದ: “ವಿಮಲಾಬಾಯಿ ಆಯಿ ಬಂದ್ರೂ! ಇವರ ಶೇಂಗಾ ಹೋಳಿಗಿ ತಿಂದು ನಾ ಇಷ್ಟ ಎತ್ತರ ಆಗೀನಿ!”

ಆಯಿಯ ಮುಖ ಅರಳಿತು. “ಹಾಂ! ಹಿಂಗ ಕರೀಬೇಕು. ಮತ್ತ ಮುಂದ?”

“ಮಗಾ ಮಾತ್ರ ಅಡ್ಡ ಬೆಳದಾನ!”

“ಖರೇ ಹೇಳ್ದಿ ದತ್ತ್ಯಾ” ಎಂದು ಆಯಿ ಕುನಾಲನ ಕಡೆಗಲ್ಲ, ಕಾಕಾನ ಕಡೆ ಕೈಯೆತ್ತಿ ಆಶೀರ್ವಾದ ಮಾಡಿ ಒಳಗೆ ಬಂದರು.

ಅಲ್ಲಿಂದ ಮುಂದೆ ಕಾಕಾ ಬರೆಯುವುದು, ಕುನಾಲ ಓದುವುದು. ಉರ್ದು ಬಂದಾಗ ಕುನಾಲ ಪರದೆಯ ಮುಂದೆ ಬೆಪ್ಪಾಗಿ ನಿಂತ. ಶಫಿ ಭಾಯಿ ಮೈಕು ಕಸಿದುಕೊಂಡರು. ತಾಂಡೂರಿನ ಜೀಪು ಬಂತು. ಕಾಕಾ ತೆಲುಗಿಗೆ ಬದಲಿಸಿ, ಒಂದೊಂದೇ ಅಕ್ಷರ ಹುಡುಕಿ ಬರೆದು, ಬಿ ಒತ್ತಿದ. ಒತ್ತುವಾಗ ಹಿಂದೆ ತಿರುಗಿ ನನ್ನನ್ನು ನೋಡಲೂ ಇಲ್ಲ. ಪ್ರಬುದ್ಧನ ಚಿಕ್ಕಮ್ಮ ಜೀಪಿನ ಮೆಟ್ಟಿಲ ಮೇಲೇ ನಿಂತು ಓದಿ, ಬಾಯಿಗೆ ಸೆರಗು ಹಚ್ಚಿ ನಕ್ಕರು. ಮೈಕು ಅವರ ಕೈಗೆ ಹೋಯಿತು. ಓದಿ, ನಮಗಾಗಿ ಅರ್ಧಂಬರ್ಧ ಕನ್ನಡದಲ್ಲಿ ಹೇಳಿದರು: “ತಾಂಡೂರ್ ಕಲ್ಲು ಮೊದಲು ಬಂದದೆ, ನಿಮ್ಮ ಮನೆ ನೆಲಕ್ಕೆ. ಈಗ ಮನುಷ್ಯರು ಬಂದಾರೆ, ಎಂದು ಬರೆದಾರೆ!”

ಹಂದರ ತುಂಬಿತು. ಹೊರಗೆ ಯಾರೂ ಉಳಿಯಲಿಲ್ಲ. ಕುನಾಲ ಟೇಬಲ್ ಬಳಿ ಬಂದು ಬಗ್ಗಿ ಹೇಳಿದ, “ಮಾಮಾ, ಬರೂ ತಿಂಗಳು ಮಹಾಗಾಂವದಾಗ ಒಂದು ಮದುವಿ ಹಿಡದೀನಿ. ನೀವು ಬರೀರಿ, ನಾ ಒದರ್ತೀನಿ. ಒಲ್ಲೆ ಅನಬ್ಯಾಡ್ರಿ.”

ಕಾಕಾ ಪಾಟಿಗಾಗಿ ಕೈ ಚಾಚಲಿಲ್ಲ. ಕೀಲಿಮಣೆಯಲ್ಲೇ ಬರೆದು, ದೊಡ್ಡ ಪರದೆಗೆ ಕಳಿಸಿದ: “ಕುನಾಲ ನನ್ನ ದನಿ ಬಾಡಿಗಿ ಕೇಳಾಕತ್ತಾನ. ವಿಚಾರ ಮಾಡ್ತೀನಿ.” ಕುನಾಲ ಅದನ್ನೂ ಮೈಕಿನಲ್ಲಿ ಓದಿದ.

ನಾನು ವೈರು ಸುತ್ತಲು ಬಗ್ಗಿದೆ. ಎದ್ದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೆಡ್‌ಶೀಟಿನ ಮೇಲೆ ಇತ್ತು:

“ಬಂದ್ಲು ನೋಡ್ರಿ, ಗಾಜಿಪುರದ ಅಂಜನಾ. ನಿನ್ನಿ ಪಂಗತಿ ನಡುವ ಎದ್ದು ಹೋದಾಕಿ. ಈಕಿಗೆ ಹುಗ್ಗಿ ಬಾಕಿ ಅದ.”

ಟೇಬಲ್ ಮೇಲೆ ಕೈ ಚಾಚಿ ‘ಹೋಗಲಿ’ ಒತ್ತಿಬಿಟ್ಟೆ. ಹೋಯಿತು. ಕಾಕಾ ‘ಬರಲಿ’ ಒತ್ತಿದ. ಬಂತು. ನಾನು ಎಚ್, ಅವನು ಬಿ. ಕಾಕಾ ನನ್ನನ್ನು ಸೋಲಿಸಲೆಂದು ಉರ್ದುವಿಗೆ ಹಾರಿದ, ತೆಲುಗಿಗೆ ಹಾರಿದ. ಅಲ್ಲಿಯೂ ಹೋಗಲಿ ಅಂದರೆ ಹೋಯಿತು, ಬರಲಿ ಅಂದರೆ ಬಂತು. ಮಂದಿ ಒಂದೊಂದು ಸಲಕ್ಕೂ ಹೋ ಎಂದು ಕೂಗಿದರು. ನಾಚಿಕೆಯ ನಡುವೆಯೂ ನಾನು ಮನಸ್ಸಿನಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ: ಕನ್ನಡ ಆಯಿತು, ಉರ್ದು ಆಯಿತು, ತೆಲುಗು ಆಯಿತು.

ಕೊನೆಗೆ ಸಾವಿತ್ರಿಬಾಯಿ ಬಂದು ನನ್ನ ಕೈಹಿಡಿದು ಎಬ್ಬಿಸಿದರು. “ಸಾಕು ಮಾಡ್ರಿ ಇಬ್ಬರೂ. ಕರಸ್ಕೊಂಡಿ ಅಲಾ? ಒಳಗ ಬಾ ಇನ್ನ.”

ಪರದೆಯ ಮೇಲೆ ನನ್ನ ಹೆಸರು ಹಾಗೇ ಇತ್ತು. ನಾನು ಸೆರಗು ಸರಿಮಾಡಿಕೊಂಡು, ಎಲ್ಲರಂತೆ ಬಾಗಿಲಿಗೆ ಹೋಗಿ ಒಂದು ಗಳಿಗೆ ನಿಂತು, ಒಳಗೆ ಬಂದೆ.